ಮೊದಲ ನೀರು

ಬಿಳಿ ಬಟ್ಟೆಯ ಮೂರನೇ ಮಡಿಕೆಯ ಮೇಲೆ ಇಸ್ತ್ರಿಪೆಟ್ಟಿಗೆ ಓಡುತ್ತಿದ್ದಾಗ ಹಿಂಬಾಗಿಲನ್ನು ಯಾರೋ ಬಡಿದರು. ಒಂದು ಸಲವಲ್ಲ, ಮೂರು ಸಲ. ಆ ಬಾಗಿಲಿನ ರೂಢಿ ಇದ್ದವರ ಬಡಿತ.

"ಮುಂದಿನ ಬಾಗಿಲು ತೆಗೆದಿದೆ, ಆ ಕಡೆಯಿಂದ ಬನ್ನಿ!" ಎಂದು ಅಕ್ಕ ವೆಸ್ಟ್ರಿಯ ಒಳಗಿನಿಂದಲೇ ಕೂಗಿದಳು. ವೆಸ್ಟ್ರಿ ಎಂದರೆ ಪಾದ್ರಿಗಳು ನಿಲುವಂಗಿ ತೊಡುವ ಕೋಣೆ. ಆ ಆಂಗ್ಲಿಕನ್ ಚರ್ಚಿನಲ್ಲಿ ಅದಕ್ಕೆ ಹೊಂದಿಕೊಂಡಂತೆ ಇನ್ನೊಂದು ಪುಟ್ಟ ಕೋಣೆ, ಅದರಲ್ಲಿ ಬಟ್ಟೆ ಒಗೆಯುವ ಎರಡು ಮಷಿನ್ನು. ಬಡಿತ ಬಂದದ್ದು ಆ ಕೋಣೆಯ ಬಾಗಿಲಿಂದ.

ಮತ್ತೆ ಬಡಿದರು. ಅಕ್ಕ ಗೊಣಗುತ್ತ ಹೋಗಿ ಅಗುಳಿ ತೆಗೆದಳು. ಮೆಟ್ಟಿಲ ಮೇಲೆ ಮೂವತ್ತರ ಆಸುಪಾಸಿನ ಗಂಡಸು, ಕಂಕುಳಲ್ಲಿ ಬಟ್ಟೆಯ ಗಂಟು. ಮೊಣಕೈವರೆಗೂ ಮೈದಾಹಿಟ್ಟು ಮೆತ್ತಿತ್ತು. ಬೇಕರಿಯ ಕೆಲಸ ಮುಗಿಸಿ ನೇರ ಬಂದವನು.

"ಅಮ್ಮಾ, ಇವತ್ತು ಮಷಿನ್ ಇಲ್ವಾ?"

"ಇಲ್ಲ."

"ಕೆಟ್ಟೋಯ್ತಾ?"

"ಮಷಿನ್ ಗುಂಡುಕಲ್ಲಿನ ಹಾಗಿದೆ. ನಡೆಸೋಳು ಹೋದ್ಲು. ಹನ್ನೆರಡಕ್ಕೆ ಅವಳ ಮಣ್ಣು."

ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. "ಸೋಪಮ್ಮಾನಾ? ಹೋದ ವಾರ ನನ್ನನ್ನ ಹಿಡ್ಕೊಂಡು ಬೈದ್ರಲ್ಲ, ಜೇಬಲ್ಲಿ ಪೆನ್ನು ಬಿಟ್ಟಿದ್ದೆ ಅಂತ!" ಎಂದವನು ಮೆಟ್ಟಿಲ ಮೇಲೆಯೇ ಕುಸಿದು ಕೂತ. ಗಂಟು ತೊಡೆಯ ಮೇಲೆ. ಆಮೇಲೆ ತಲೆಯೆತ್ತಿ, "ನೀವು ಅವರಿಗೆ ಏನಾಗ್ಬೇಕು?"

"ಅಕ್ಕ."

"ಓ, ಹಿತ್ತಾಳೆಯಕ್ಕ ನೀವೇನಾ!"

ಅಕ್ಕನಿಗೆ ಬಾಗಿಲು ಹಾಕಿಕೊಳ್ಳುವ ಮನಸ್ಸಿತ್ತು. ಕೈ ಮಾತ್ರ ಅಗುಳಿಯ ಮೇಲೇ ನಿಂತಿತು. "ಏನಂತಿದ್ಲು ನನ್ನ ವಿಷಯ?"

"ನಮ್ಮಕ್ಕ ಉಜ್ಜಿದ ಮೇಣದಬತ್ತಿ ಕಂಬದಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು ಕಣೋ, ಅವಳ ಮುಖದಲ್ಲಿ ನಗು ಬರ್ಸೋಕೆ ಮಾತ್ರ ಯಾವ ಪಾಲಿಶೂ ಸಾಲ್ದು, ಅಂತಿದ್ರು." ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. "ತಪ್ಪು ತಿಳ್ಕೋಬೇಡಿ. ಪ್ರೀತಿಯಿಂದಾನೇ ಅಂತಿದ್ರು."

"ಅವಳ ಪ್ರೀತಿ ನಂಗೆ ಗೊತ್ತಿಲ್ವಾ!" ಎಂದು ಅಕ್ಕ ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಅವನು ಮೂಗು ಅರಳಿಸಿದ.

"ಏನೋ ಸೀದ ವಾಸನೆ ಬರ್ತಿದೆ."

ಅಕ್ಕ ಬಿದ್ದಂಬೀಳ ಓಡಿದಳು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಮಕಾಡೆ ಮಲಗಿತ್ತು. ಎತ್ತಿದರೆ ಕೆಳಗೆ ದೋಣಿಯಾಕಾರದ ಕಂದು ಕಲೆ, ಅಂಚಿನಲ್ಲಿ ಸಣ್ಣಗೆ ಹೊಗೆ. ತಂಗಿಯ ಶವಪೆಟ್ಟಿಗೆಯ ಮೇಲೆ ಹೊದಿಸಬೇಕಿದ್ದ ಬಟ್ಟೆ ಅದು, ನಟ್ಟನಡುವೆಯೇ ಸುಟ್ಟಿತ್ತು. ಐವತ್ತು ವರ್ಷದಲ್ಲಿ ಚರ್ಚಿನ ಒಂದು ಸಾಮಾನನ್ನೂ ಗೀರದ ಕೈ ಅಕ್ಕನದು.

"ಏನಕ್ಕಾ ಹೊಗೆ?" ಎನ್ನುತ್ತ ಸೆಕ್ರೆಟರಿ ಒಳಗೆ ಬಂದ. ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ ಅಕ್ಕನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು. ಈಗ ತಲೆ ಬೋಳಾಗಿ ಚರ್ಚಿನ ಕಮಿಟಿ ನಡೆಸುತ್ತಿದ್ದ. ಕಲೆಯನ್ನು ನೋಡಿ ಏನೂ ಹೇಳದಿರುವಷ್ಟು ವಿವೇಕ ಅವನಿಗಿತ್ತು. ಹಿಂಬಾಗಿಲ ಕಡೆ ಕತ್ತು ಚಾಚಿ, "ಇವತ್ತೂ ಬಂದ್ರಾ?" ಎಂದ. ಆಮೇಲೆ ಧ್ವನಿ ತಗ್ಗಿಸಿ, "ಹೇಳೋಕೆ ಇದು ಹೊತ್ತಲ್ಲ, ಗೊತ್ತು. ಪ್ಲಂಬರ್‌ಗೆ ಐದು ಗಂಟೆಗೆ ಬಾ ಅಂದಿದ್ದೀನಿ. ನೀರಿನ ಪೈಪು ಬಿಚ್ಚಿ ಮಷಿನ್ನು ಸಾಗಿಸ್ತಾರೆ. ನಾಳೆಯಿಂದ ಈ ಬಾಗಿಲಿಗೆ ಬೀಗ."

"ಇಷ್ಟು ಬೇಗ?"

"ನಮ್ಮ ಚರ್ಚಿನ ಸಭೆಯವರು ಯಾರಾದ್ರೂ ಹೊಣೆ ಹೊತ್ಕೊಂಡ್ರೆ ಇರ್ಲಿ, ಇಲ್ಲಾಂದ್ರೆ ಮುಚ್ಚಿ ಅಂತ ಕಮಿಟಿ ತೀರ್ಮಾನ. ಯಾರಿದ್ದಾರೆ ಹೇಳಿ? ಭಾನುವಾರ ಬರೋದು ಹತ್ತೊಂಬತ್ತು ಜನ. ಅದ್ರಲ್ಲಿ ಬಗ್ಗಿ ಏಳೋಕಾಗೋರು ಆರು." ಬಾಗಿಲತ್ತ ತಿರುಗಿ ಸೇರಿಸಿದ: "ನಿಮಗಂತೂ ಈ ಕೋಣೆ ಅಂದ್ರೆ ಮೊದಲಿಂದ ಆಗ್ತಿರ್ಲಿಲ್ವಲ್ಲಾ ಅಕ್ಕಾ."

ಅದು ಸುಳ್ಳಲ್ಲ.

*

ಹಿತ್ತಾಳೆ ಅಕ್ಕನ ಪಾಲು, ಬಟ್ಟೆ ತಂಗಿಯ ಪಾಲು. ತಾಯಿ ಹೀಗೆ ಹಂಚಿಕೊಟ್ಟು ಕಣ್ಣು ಮುಚ್ಚಿದ್ದಳು. ಮೇಣದಬತ್ತಿಯ ಕಂಬ, ಶಿಲುಬೆ, ಕಾಣಿಕೆ ತಟ್ಟೆ ಇವಳು ಉಜ್ಜಬೇಕು. ಕರ್ತನ ಮೇಜಿನ ಹಾಸು, ಪಾದ್ರಿಯ ನಿಲುವಂಗಿ, ದ್ರಾಕ್ಷಾರಸದ ಬಟ್ಟಲು ಒರೆಸಿದ ಚೌಕ ಅವಳು ಒಗೆಯಬೇಕು. ಬಟ್ಟಲು ಒರೆಸಿದ ಬಟ್ಟೆಗೆ ಒಂದು ಕಟ್ಟಳೆಯಿತ್ತು. ಅದನ್ನು ಮೊದಲು ಕೈಯಲ್ಲೇ ಜಾಲಿಸಬೇಕು. ಆ ಮೊದಲ ನೀರು ಚರಂಡಿ ಸೇರಕೂಡದು, ನೆಲಕ್ಕೇ ಸುರಿಯಬೇಕು. ಆರಾಧನೆಯ ದ್ರಾಕ್ಷಾರಸ ಕರ್ತನ ರಕ್ತವೆಂದು ನಂಬಿಕೆ, ಅದು ತಾಗಿದ ನೀರು. ತಂಗಿ ಅದನ್ನು ಹಿತ್ತಿಲ ಗೋಡೆಯ ದಾಸವಾಳದ ಬುಡಕ್ಕೆ ಹೊಯ್ಯುತ್ತಿದ್ದಳು.

ಚರ್ಚಿನ ಎದುರಿಗೇ ದೊಡ್ಡಾಸ್ಪತ್ರೆ. ಒಂದು ದಿನ ಅಲ್ಲಿಂದ ಒಬ್ಬ ಹೆಂಗಸು ಬಂದು, ಮಗುವಿನ ದುಪ್ಪಟಿ ಒಗೆಯಲು ನಲ್ಲಿ ಎಲ್ಲಿದೆ ಎಂದು ಕೇಳಿದಳು. ತಂಗಿ ನಲ್ಲಿ ತೋರಿಸಲಿಲ್ಲ, ದುಪ್ಪಟಿಯನ್ನೇ ಇಸಿದುಕೊಂಡಳು. ಮರುದಿನ ಮೂವರು ಬಂದರು. ತಿಂಗಳೊಳಗೆ ಸಾಲು ಹಿಂಬಾಗಿಲಿಂದ ಸಮಾಧಿಗಳವರೆಗೆ ಬೆಳೆಯಿತು. ಪರದೆ ಒಗೆಯಲೆಂದು ಯಾರೋ ಕೊಟ್ಟಿದ್ದ ಮಷಿನ್ನು ವಾರ್ಡುಗಳ ಪಾಲಾಯಿತು. ಎರಡನೆಯದನ್ನು ಗುಜರಿಯಿಂದ ತಂದಳು. ಸಮಾಧಿಗೆ ಹೋಗುವ ದಾರಿಯ ಆಚೆ ಈಚೆ ಕಂಬ ನೆಟ್ಟು ಹಗ್ಗ ಕಟ್ಟಿದಳು. "ಸತ್ತೋರ ಮುಂದೆ ಒಳಬಟ್ಟೆ ಒಣಗಿಸ್ತೀಯಲ್ಲೇ!" ಎಂದು ಅಕ್ಕ ರೇಗಿದರೆ, "ಅವರೇನು ನೋಡ್ತಾರಾ? ನೋಡಿದ್ರೂ ಅವರ ಕಾಲದಲ್ಲಿ ಅವರೂ ಹಾಕ್ಕೊಂಡೋರೇ," ಎನ್ನುತ್ತಿದ್ದಳು.

ಒಂದು ಶನಿವಾರ ಮಾತ್ರ ಅಕ್ಕನಿಗೆ ತಡೆಯಲಾಗಲಿಲ್ಲ. ಮರುದಿನ ಬಿಷಪ್ಪರು ಬರುವವರಿದ್ದರು. ತಾಯಿ ಎರಡು ವರ್ಷ ಕೂತು ಕಸೂತಿ ಹಾಕಿದ್ದ ಬಿಳಿ ಹಾಸು ಮಷಿನ್ನಿನಿಂದ ತಿಳಿನೀಲಿಯಾಗಿ ಹೊರಬಂತು. ಅದರ ಜೊತೆಗೆ ಯಾವನೋ ಆಂಬುಲೆನ್ಸ್ ಡ್ರೈವರನ ಹೊಸ ನೀಲಿ ಅಂಗಿ ಬಿದ್ದಿತ್ತು. ತಂಗಿ ಹಾಸನ್ನು ಬಿಡಿಸಿ ಹಿಡಿದು ನೋಡಿ ಗೊಳ್ಳೆಂದು ನಕ್ಕಳು. ನಕ್ಕದ್ದೇ ತಪ್ಪಾಯಿತು.

"ಅಮ್ಮನ ಕೈಕೆಲಸ ಕಣೇ ಅದು! ದೇವರ ಬಟ್ಟೇನೂ ಆಸ್ಪತ್ರೆ ಬಟ್ಟೇನೂ ಒಂದೇ ನೀರಿಗೆ ಹಾಕಿದ್ಯಲ್ಲ! ದಾಸವಾಳದ ಬುಡಕ್ಕೆ ಏನೇನು ಸುರೀತೀಯ ಅಂತಾನೂ ನೋಡಿದ್ದೀನಿ. ಹೆರಿಗೆ ವಾರ್ಡಿನ ಬಟ್ಟೆ ಜಾಲಿಸಿದ ನೀರೂ ಅಲ್ಲಿಗೇ!"

ತಂಗಿಯ ನಗು ನಿಂತಿತು. "ಹೌದು. ಅದೂ ರಕ್ತ, ಇದೂ ರಕ್ತ. ಅಮ್ಮ ನಂಗೆ ಕಲಿಸಿದ್ದು ಒಂದೇ ದಾರಿ."

ಅಂದಿನಿಂದ ಹನ್ನೊಂದು ವರ್ಷ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಮಾತೆಲ್ಲ ವೆಸ್ಟ್ರಿಯ ಗೋಡೆಯ ಸ್ಲೇಟಿನ ಮೇಲೆ. "ಮೇಣದಬತ್ತಿ ಮುಗಿದಿದೆ" ಎಂದು ಇವಳು. "ತಂದಿದ್ದೇನೆ. ಕೆಮ್ಮಿಗೆ ಔಷಧಿ ತಗೊಂಡೆಯಾ?" ಎಂದು ಅವಳು. "ನಿನಗೇಕೆ" ಎಂದು ಇವಳು. ನೀಲಿ ಹಾಸನ್ನು ಅಕ್ಕ ಬೀರುವಿನ ತಳಕ್ಕೆ ತಳ್ಳಿ ಬೀಗ ಹಾಕಿದ್ದಳು.

*

ಸೆಕ್ರೆಟರಿ ಕುರ್ಚಿ ಜೋಡಿಸಲು ಹೋದ ಮೇಲೆ ಅಕ್ಕ ಸುಟ್ಟ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಸ್ಪತ್ರೆಯ ಗಂಟಿನ ದೆಸೆಯಿಂದ ಹಾಳಾದ ಎರಡನೇ ಬಟ್ಟೆ ಇದು. ಈ ಸಲ ಹಾಳು ಮಾಡಿದ್ದು ತಾನು. ತಂಗಿ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಾಗೆಂದುಕೊಂಡಾಗ ಅಕ್ಕನ ಗಂಟಲಿಂದ ಏನೋ ಹೊರಟಿತು. ಅಳುವೇ ಇರಬೇಕೆಂದು ಅವಳು ಬಾಯಿಗೆ ಕೈ ಅಡ್ಡ ಹಿಡಿದಳು, ಬಂದದ್ದು ನಗು.

ತಲೆಯೆತ್ತಿದರೆ ಎದುರಿಗೆ ಸ್ಲೇಟು. ತಂಗಿ ಆಸ್ಪತ್ರೆಗೆ ಸೇರುವ ಮುಂಚಿನ ಬರಹ ಇನ್ನೂ ಹಾಗೇ ಇತ್ತು: "ಎರಡನೇ ಮಷಿನ್ನಿನ ಬಾಗಿಲು ಒದ್ದರೆ ಮಾತ್ರ ಮುಚ್ಚುತ್ತದೆ." ಈ ಆರು ದಿನವೂ ಅದನ್ನು ಗೊಣಗಾಟ ಎಂದೇ ಅಕ್ಕ ಓದಿಕೊಂಡಿದ್ದಳು. ಆ ಸ್ಲೇಟನ್ನು ಓದುತ್ತಿದ್ದವಳು ತಾನೊಬ್ಬಳೇ ಎಂಬುದು ಈಗ ಹೊಳೆಯಿತು.

ಎದ್ದು ಹಿಂಬಾಗಿಲಿಗೆ ಹೋದಳು. ಬೇಕರಿಯವನು ಇನ್ನೂ ಮೆಟ್ಟಿಲ ಮೇಲೇ ಇದ್ದ.

"ಹೋಗ್ಲಿಲ್ವಾ?"

"ಅವರ ಮಣ್ಣಿಗೆ ಇರ್ತೀನಿ."

"ಗಂಟಲ್ಲಿ ಏನಿದೆ?"

"ನಮ್ಮಮ್ಮಂದು. ಮೂರನೇ ವಾರ್ಡು. ಆಪರೇಷನ್ ಆಗಿದೆ. ಇರೋದೇ ಎರಡು ನೈಟಿ, ಒಂದು ಮೈಮೇಲಿದೆ."

"ಕೊಡಿಲ್ಲಿ."

ಗಂಟು ಬಿಚ್ಚಿದರೆ ದಿಂಬಿನ ಚೀಲದ ಮೇಲೆ ಅಂಗೈಯಗಲ ರಕ್ತದ ಕಲೆ. ಅಕ್ಕ ಉಂಗುರ ತೆಗೆದು ಕಿಟಕಿಯ ಮೇಲಿಟ್ಟಳು, ತೋಳು ಮಡಿಚಿದಳು, ಬೇಸಿನ್ನಿಗೆ ತಣ್ಣೀರು ಹಿಡಿದು ಜಾಲಿಸಿದಳು. ನೀರು ತೆಳುವಾಗಿ ಕೆಂಪಾಯಿತು. ಕಾಲ ಬಳಿಯೇ ಚರಂಡಿಯ ಜಾಲರಿ. ಅಲ್ಲಿಗೇ ಸುರಿಯಲು ಬಗ್ಗಿದವಳು ನಿಂತಳು. ಬೇಸಿನ್ ಭಾರವಾಗಿತ್ತು, ಮಂಡಿ ನೋಯುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ, ದಾಸವಾಳದವರೆಗೂ ನಡೆದು ಹೋಗಿ ಬುಡಕ್ಕೆ ಹೊಯ್ದಳು.

ಆಮೇಲೆ ಬಟ್ಟೆಯನ್ನು ಎರಡನೇ ಮಷಿನ್ನಿಗೆ ತುಂಬಿ ಬಾಗಿಲು ತಳ್ಳಿದಳು. ಮುಚ್ಚಲಿಲ್ಲ. ಮತ್ತೆ ತಳ್ಳಿದಳು. ಮಣ್ಣಿಗೆಂದೇ ಪಾಲಿಶ್ ಮಾಡಿಕೊಂಡಿದ್ದ ಕಪ್ಪು ಶೂಗಳತ್ತ ಒಮ್ಮೆ ನೋಡಿಕೊಂಡು ಬಲಗಾಲೆತ್ತಿ ಒದ್ದಳು. ಟಕ್ಕೆಂದು ಕೂತಿತು.

"ಸೋಪಮ್ಮಾನೂ ಥೇಟ್ ಹಿಂಗೇ!" ಎಂದ ಬೇಕರಿಯವನು.

*

ಹನ್ನೆರಡಕ್ಕೆ ಪೆಟ್ಟಿಗೆ ಬಂದಾಗ ಅದರ ಮೇಲೆ ಅಕ್ಕ ಹೊದಿಸಿದ್ದು ಬೀರುವಿನ ತಳದ ನೀಲಿ ಹಾಸು. ಪಾದ್ರಿಯಮ್ಮ, ಆ ಚರ್ಚಿಗೆ ಬಂದ ಮೊದಲ ಹೆಂಗಸು ಪಾದ್ರಿ, ಕಸೂತಿಯ ಮೇಲೆ ಕೈಯಾಡಿಸಿ, "ಇಷ್ಟು ಚೆಂದದ್ದು ಎಲ್ಲಿತ್ತು ಅಕ್ಕಾ?" ಎಂದಳು. "ಇತ್ತು," ಎಂದಳು ಅಕ್ಕ.

ಮುಂದಿನ ಎರಡು ಬೆಂಚಿನಲ್ಲಿ ಭಾನುವಾರದ ಹತ್ತೊಂಬತ್ತು ಜನ. ಅವರ ಹಿಂದೆ ಬೆಂಚುಗಳು ತುಂಬುತ್ತಲೇ ಹೋದವು. ಆಸ್ಪತ್ರೆಯಿಂದ ಎದ್ದು ಬಂದವರು, ಚಪ್ಪಲಿಯಲ್ಲೇ ಬಂದವರು, ಕೈಗೆ ಬ್ಯಾಂಡೇಜು ಸುತ್ತಿದವರು, ಡ್ಯೂಟಿಯ ನಡುವೆ ಬಂದ ನರ್ಸುಗಳು. ಸೆಕ್ರೆಟರಿ ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಹಂಚುತ್ತಿದ್ದವನು ಕೈ ಬರಿದಾಗಿ ತಬ್ಬಿಬ್ಬಾದ.

"ತಾವು ಯಾವ ಸಭೆಯವರು?" ಎಂದು ಒಬ್ಬ ಮುದುಕನನ್ನು ಕೇಳಿದ.

"ನಾನಾ? ಮೂಳೆ ವಾರ್ಡು."

"ನಾವು ಮಕ್ಕಳ ವಾರ್ಡಿನೋರು," ಎಂದಳು ಹಿಂದಿದ್ದ ಹೆಂಗಸು. "ನನ್ನ ಮಗಳು ಮನೆಗೆ ಹೋಗಿ ನಾಲ್ಕು ವರ್ಷ ಆಯ್ತು. ಸುದ್ದಿ ಕೇಳಿ ಬಸ್ ಹಿಡ್ಕೊಂಡು ಬಂದೆ."

ಇವರಲ್ಲಿ ಹೆಚ್ಚಿನವರಿಗೆ ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ತಿಳಿಯದು. ಎಲ್ಲರ ಕಣ್ಣೂ ಮುಂದೆ ಕೂತ ಅಕ್ಕನ ಮೇಲೆ. ಅವಳು ಎದ್ದರೆ ಎದ್ದರು, ಕೂತರೆ ಕೂತರು. ನಡುವೆ ಅವಳ ಕರವಸ್ತ್ರ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರೆ ಹಿಂದೆ ದಡದಡನೆ ಸದ್ದು. ತಿರುಗಿ ನೋಡಿದಳು. ಅರ್ಧ ಚರ್ಚು ಮಂಡಿಯೂರಿತ್ತು. ಅಕ್ಕ ಕರವಸ್ತ್ರವನ್ನು ಬಾಯಿಗೊತ್ತಿಕೊಂಡಳು. ಪಕ್ಕದವರು ಅವಳು ಬಿಕ್ಕುತ್ತಿದ್ದಾಳೆಂದು ಬೆನ್ನು ಸವರಿದರು.

ಪಾದ್ರಿಯಮ್ಮ ಪ್ರಾರ್ಥನೆ ಶುರು ಮಾಡಿದಾಗ ವೆಸ್ಟ್ರಿಯ ಕಡೆಯಿಂದ ಗುಡುಗುಟ್ಟುವ ಸದ್ದು ಕೇಳಿಸಿತು. ಎರಡನೇ ಮಷಿನ್ನು ನೀರು ಹಿಂಡುತ್ತಿತ್ತು. ಮೇಣದಬತ್ತಿಯ ಕಂಬಗಳು ಸಣ್ಣಗೆ ನಡುಗಿದವು. ಸೆಕ್ರೆಟರಿ ಬೆಂಚಿನ ಹಿಂದಿನಿಂದ ಬಾಗಿ ಪಿಸುಗುಟ್ಟಿದ: "ಯಾರಕ್ಕಾ ಅದನ್ನ ಹಾಕಿದ್ದು?"

"ನಾನು."

"ಇವತ್ತಾ?"

"ಹೂಂ. ಐದು ಗಂಟೆಗೆ ಪ್ಲಂಬರ್ ಬರ್ತಾನಲ್ಲ, ಬರ್ಲಿ. ಬೇಡ ಅನ್ನಬೇಡ." ಅಕ್ಕ ತಲೆ ತಿರುಗಿಸದೆ ಹೇಳಿದಳು. "ಬಾಗಿಲು ರಿಪೇರಿ ಇದೆ. ದಿನಾ ಒದೆಯೋಕೆ ನನ್ನ ಮಂಡಿ ಕೇಳಲ್ಲ."

ಸೆಕ್ರೆಟರಿ ಜೇಬಿನಿಂದ ಪೆನ್ನು ತೆಗೆದ. "ಹೊಣೆ ಅಂತ ಯಾರ ಹೆಸರು ಬರೀಲಿ?" ಎಂದ.

"ಕಿವಿ ಇನ್ನೊಂದು ಸಲ ಹಿಂಡ್ಬೇಕಾ?"

ಪಾದ್ರಿಯಮ್ಮ ಮಷಿನ್ನಿನ ಸದ್ದನ್ನು ಮೀರಿಸುವಂತೆ ದನಿಯೇರಿಸಿ ಪ್ರಾರ್ಥನೆ ಮುಗಿಸಿದಳು. ಆಮೆನ್ ಎನ್ನುವಾಗ ಮಷಿನ್ನೂ ನಿಂತಿತು. ಹಿಂದಿನ ಸಾಲಿನಿಂದ ಬೇಕರಿಯವನು ತುದಿಗಾಲಲ್ಲಿ ಹೊರಗೆ ಹೋದ.

ಹಾಡು ಮುಗಿದು ಪೆಟ್ಟಿಗೆ ಹೊತ್ತವರು ಹಿತ್ತಿಲ ದಾರಿ ಹಿಡಿದಾಗ ಕಾಲು ತಡೆಯಿತು. ದಾರಿಗಡ್ಡ ಎರಡು ಹಗ್ಗ, ಹಗ್ಗದ ತುಂಬ ಬಟ್ಟೆ. ಬೇಕರಿಯವನು ಮೊದಲ ಹಗ್ಗದಲ್ಲಿ ನೈಟಿ, ದಿಂಬಿನ ಚೀಲ, ಟವೆಲು ಹರವಿದ್ದ. ಅವನನ್ನು ನೋಡಿ ಇನ್ನೂ ಯಾರು ಯಾರೋ ನಲ್ಲಿಯಲ್ಲಿ ಜಾಲಿಸಿ ಹಿಂಡಿದ ತಮ್ಮ ಬಟ್ಟೆಯನ್ನು ಎರಡನೆಯದಕ್ಕೆ ಹಾಕಿದ್ದರು.

"ಅಯ್ಯೋ, ತೆಗೀತೀನಿ, ತೆಗೀತೀನಿ!" ಎಂದು ಅವನು ಓಡಿ ಬಂದ.

"ಬೇಡ," ಎಂದಳು ಅಕ್ಕ. "ಒದ್ದೆ ಬಟ್ಟೆ ತೆಗೆದು ಎಲ್ಲಿ ಹಾಕ್ತೀಯ? ಕೋಲು ತಗೊ."

ಹಗ್ಗ ಎತ್ತುವ ಕವೆಗೋಲುಗಳು ಗೋಡೆಗೆ ಒರಗಿದ್ದವು. ಬೇಕರಿಯವನು ಒಂದನ್ನು ಹಿಡಿದು ಮೊದಲ ಹಗ್ಗ ಎತ್ತಿದ. ಅದರ ಇನ್ನೊಂದು ತುದಿಗೆ ಮೂಳೆ ವಾರ್ಡಿನ ಮುದುಕ ಊರುಗೋಲನ್ನೇ ಕೊಟ್ಟ. ಸೆಕ್ರೆಟರಿ ಕೋಟಿನ ಗುಂಡಿ ಬಿಚ್ಚಿ ಎರಡನೇ ಹಗ್ಗದ ಆ ತುದಿಗೆ ಹೋದ. ಈ ತುದಿಗೆ ಅಕ್ಕ ನಿಂತಳು. ಹಗ್ಗಗಳು ಮೇಲೇರಿದವು. ನೈಟಿಯ ತೋಳುಗಳು, ಟವೆಲುಗಳು, ಮಗುವಿನ ಒಂದು ಜೊತೆ ಕಾಲುಚೀಲ ಗಾಳಿಗೆ ಆಡುತ್ತಿದ್ದವು. ಅವುಗಳ ಕೆಳಗೆ ನೀಲಿ ಹಾಸು ಹೊದ್ದ ಪೆಟ್ಟಿಗೆ ನಿಧಾನವಾಗಿ ಸಾಗಿತು.

ಕಾಲುಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಹನಿ ತಾಯಿಯ ಕಸೂತಿಯ ಮೇಲೆ ಬಿದ್ದು ಹರಡಿತು. ಅಕ್ಕನ ಕೈ ರೂಢಿಯಂತೆ ಒರೆಸಲು ಮುಂದಾಗಿ, ನಿಂತು, ಮತ್ತೆ ಕೋಲಿಗೇ ಮರಳಿತು. ಅವಳು ಕೋಲನ್ನು ಇನ್ನೊಂದು ಗೇಣು ಮೇಲಕ್ಕೆತ್ತಿದಳು. ಪೆಟ್ಟಿಗೆ ದಾಟಿ ಹೋಯಿತು, ಉಳಿದ ಹನಿಗಳು ನೆಲಕ್ಕೆ ಬಿದ್ದವು.