ಗೊರಿಲ್ಲಾ ಉಳಿಸುವ ದಿನ

"ಏ ರಂಡೆ, ಹೊಟ್ಟಿ ಮುಂದ ಮಾಡ್ಕೊಂಡು ಎಲ್ಲಿ ಹೊಂಟಿ? ಒಳಗ ನಡಿ! ಫೋಟೋ ತೆಗ್ಯಾವ್ರು ಬರ್ತಾರ. ನಿನ್ನ ಬಸುರು ತೋರಿಸಿ ನನ್ನ ಲೈಸನ್ಸ್ ಕಳೀಬೇಕಂತೀ ಏನ?"

ಮರಾಠಿ ಸೀಮೆಯ ಭೋರ್ ರಸ್ತೆಯಲ್ಲಿ ಹಳೆ ಫೋನು ಒಡೆಯುವ ಶೆಡ್ಡಿನ ಧಣಿ ಪ್ರಲ್ಹಾದ, ರೇಣುವಿನ ರಟ್ಟೆ ಹಿಡಿದು ಹಿಂದಿನ ತಗಡಿನ ಕೋಣೆಗೆ ದಬ್ಬಿದ. ಒಳಗೆ ಫೋನಿನ ಬೋರ್ಡುಗಳು ಆ್ಯಸಿಡ್ ಡ್ರಮ್ಮಿನಲ್ಲಿ ಬುರುಬುರು ಅನ್ನುತ್ತಿದ್ದವು. ಒಮ್ಮೆ ಹಾಕಿದರೆ ನಡುವೆ ತೆಗೆಯುವಂತಿಲ್ಲ. ರೇಣುವಿನ ಅತ್ತೆ ಕಲ್ಲವ್ವ ಕೈಮುಗಿದಳು.

"ಸಾವ್ಕಾರ್ರ, ಆಕಿಗೆ ಐದು ತಿಂಗಳ್ರಿ. ಒಲಿ ಹೊಗಿನೂ ತಡಿಯಂಗಿಲ್ರಿ. ಹೊರಗ ಗಿಡದ ಬುಡಕ ಕುಂಡರ್ತಾಳ."

"ಹತ್ತು ಮಿನಿಟ ಕುಂತ್ರ ಸಾಯಂಗಿಲ್ಲ. ಆಗಂಗಿಲ್ಲಂದ್ರ ಇಬ್ಬರೂ ಗಂಟು ಕಟ್ಟಿ ಊರಿಗೆ ನಡೀರಿ."

ಊರಿನಲ್ಲಿ ಏನಿತ್ತು, ಮಣ್ಣು! ಕಲ್ಲವ್ವ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಬೀಗ ಬಿತ್ತು. ವಾಸನೆ ಹೊರಗೆ ಬರದಂತೆ ಬಾಗಿಲ ಸಂದಿಗೆ ಒದ್ದೆ ಗೋಣಿಚೀಲ ತುರುಕಬೇಕು. ಯಾರಾದರೂ ದೊಡ್ಡವರು ನೋಡಲು ಬಂದಾಗೆಲ್ಲ ಅದೇ ರೂಢಿ. ಆಗ ಒಳಗೆ ಮನುಷ್ಯರು ಇರುತ್ತಿರಲಿಲ್ಲ, ಅಷ್ಟೇ. ಇವತ್ತೂ ಕಲ್ಲವ್ವನೇ ಕಾಲಿನಿಂದ ಒತ್ತಿ ಒತ್ತಿ ತುರುಕಿದಳು.

ಬರುವವರು ಒಂದು ತಾಸು ತಡವಾಗಿ ಬಂದರು. ಕೋಥರೂಡದ ಅಪಾರ್ಟ್‌ಮೆಂಟ್ ಸೊಸೈಟಿಗಳಿಂದ ಹಳೆ ಫೋನು ಸಂಗ್ರಹಿಸಿ ಇಲ್ಲಿಗೆ ಕಳಿಸುವ ಬೆಂಗಳೂರಿನ ಹುಡುಗಿ ರಂಜಿನಿ ಗೋಡೆಗೆ ದೊಡ್ಡ ಚಿತ್ರ ಅಂಟಿಸಿದಳು. ಕರಿ ಮೈಯ ಗೊರಿಲ್ಲಾ, ಎದೆಗೆ ಅವುಚಿಕೊಂಡ ಮರಿ. ಕಲ್ಲವ್ವನಿಗೆ ಹೊಸ ಕೈಗವಸು ತೊಡಿಸಿ ಅದರ ಪಕ್ಕ ನಿಲ್ಲಿಸಿದರು.

"ಆಂಟಿ, ಫೋನಿಗೆ ಬೇಕಾದ ಮೆಟಲ್‌ಗೋಸ್ಕರ ಆಫ್ರಿಕಾದಲ್ಲಿ ಇವುಗಳ ಕಾಡನ್ನೇ ಅಗೀತಿದಾರೆ. ಹಳೇ ಫೋನಿಂದ ಮೆಟಲ್ ವಾಪಸ್ ತೆಗೆದ್ರೆ ಅಷ್ಟು ಅಗೆಯೋದು ತಪ್ಪುತ್ತೆ. ನೀವು ಗೊರಿಲ್ಲಾ ಸೇವ್ ಮಾಡ್ತಿದೀರಾ, ಗೊತ್ತಾ?"

ಕಲ್ಲವ್ವ ಚಿತ್ರದ ಮರಿಯ ಮೇಲೆ ಕೈಗವಸಿನ ಬೆರಳಾಡಿಸಿದಳು. "ಪಾಪ, ಎಳೀ ಕೂಸು ಅದ ನೋಡವ್ವಾ," ಎಂದಳು. ಅಷ್ಟರಲ್ಲಿ ಹಿಂದೆ ತಗಡು ಸದ್ದಾಯಿತು. ಧಡ್, ಧಡ್.

"ಏನದು?"

"ಬೆಕ್ಕು ಮ್ಯಾಡಮ್, ಬೆಕ್ಕು," ಪ್ರಲ್ಹಾದ ಹಲ್ಲು ಕಿಸಿದ. ಕಲ್ಲವ್ವನ ಕಡೆ ಕಣ್ಣು ಕೆಕ್ಕರಿಸಿ, "ಹೇಳಬೇ, ಇಲ್ಲೆ ಏನೂ ತ್ರಾಸ ಇಲ್ಲಂತ," ಎಂದ.

ರಂಜಿನಿ ಮೊಬೈಲು ಎತ್ತಿ ಹಿಡಿದಳು.

"ನಮಗ ಇಲ್ಲೆ ಏನೂ ತ್ರಾಸ..."

ಮತ್ತೊಂದು ಬಡಿತ, ಮೊದಲಿಗಿಂತ ಮೆತ್ತಗೆ. ಆಮೇಲೆ ಏನೂ ಇಲ್ಲ.

ಬಡಿತ ನಿಂತದ್ದೇ ಕಲ್ಲವ್ವ ಫೋನು ಒಡೆಯುವ ಸುತ್ತಿಗೆ ಎತ್ತಿಕೊಂಡು ಓಡಿದಳು. ಪ್ರಲ್ಹಾದ ತುರುಬು ಹಿಡಿದು ಎಳೆದ.

"ಬಿಡೋ ಬಾಡ್ಯಾ! ಬೆಕ್ಕಲ್ಲ, ನನ್ನ ಸೊಸಿ ಆಕಿ! ಜೇಜುರಿ ಮೈಲಾರಲಿಂಗನ ಆಣಿ, ನಿನ್ನ ತಲಿ ಒಡೀತೀನಿ!"

ಸುತ್ತಿಗೆ ಬೀಸಿದ ರಭಸಕ್ಕೆ ಅವನು ಕೈಬಿಟ್ಟ. ಮೂರನೇ ಏಟಿಗೆ ಬೀಗ ಕಿತ್ತುಬಂತು.

ಹಳದಿ ಹೊಗೆ ಮುಖಕ್ಕೆ ನುಗ್ಗಿತು. ರೇಣು ಹೊಸ್ತಿಲಲ್ಲೇ ಬಿದ್ದಿದ್ದಳು, ಉಗುರುಗಳ ತುಂಬ ಗೋಣಿಯ ನಾರು. ಒಳಗಿನಿಂದ ಕೀಳಲು ನೋಡಿದ್ದಳು; ಅತ್ತೆ ಅಷ್ಟು ಬಿಗಿಯಾಗಿ ತುರುಕಿದ್ದಳು. ಕಲ್ಲವ್ವ ಅವಳನ್ನು ಅಂಗಳಕ್ಕೆ ಎಳೆತಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಕ್ಯಾಮೆರಾ ಬಂದ್ ಕರಾ! ಬಂದ್ ಮಾಡ್ರಿ!" ಪ್ರಲ್ಹಾದ ಅರಚುತ್ತಿದ್ದ. ರಂಜಿನಿ ದುಪಟ್ಟಾ ಮೂಗಿಗೊತ್ತಿಕೊಂಡು ಗೇಟಿನ ಕಡೆ ಸರಿಯತೊಡಗಿದಳು.

ಕಲ್ಲವ್ವ ಕೈಗವಸನ್ನು ಹಲ್ಲಿನಿಂದ ಕಿತ್ತೆಸೆದು ಸೊಸೆಯ ಮೂಗಿನ ಕೆಳಗೆ ಅಂಗೈ ಹಿಡಿದಳು. ಹನ್ನೊಂದು ವರ್ಷ ಆ್ಯಸಿಡ್ ತಿಂದ ಅಂಗೈ. ಬಿಸಿಯೂ ತಿಳಿಯದು, ತಂಪೂ ತಿಳಿಯದು. ಉಸಿರು ತಾಗಿತೋ ಇಲ್ಲವೋ ಗೊತ್ತಾಗಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ, ಪಕ್ಕದಲ್ಲೇ ಹಾದುಹೋಗುತ್ತಿದ್ದ ರಂಜಿನಿಯ ಮುಂಗೈ ಹಿಡಿದು ಜಗ್ಗಿದಳು.

"ಎಲ್ಲಿ ಓಡ್ತೀ? ನಿನ್ನ ಕೈ ಮೆತ್ತಗದ. ಇಲ್ಲೆ ಹಿಡಿ. ಹೇಳು, ಉಸಿರು ಅದನೋ ಇಲ್ಲೋ?"