ಹಿತ್ತಾಳೆಯ ಬಿರಡೆ

ಕ್ರೇನಿನ ಅಗಲವಾದ ಪಟ್ಟಿಗಳು ದೋಣಿಯ ಹೊಟ್ಟೆಯಡಿ ಬಿಗಿಯಾಗುವುದನ್ನು ಅಕ್ಕ ಆಚೆಯ ದೋಣಿಯೊಂದರ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಬಲಗೈ ವ್ಯಾನಿಟಿ ಬ್ಯಾಗಿನೊಳಗಿತ್ತು. ಬ್ಯಾಗಿನ ತಳದಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟ ಹಿತ್ತಾಳೆಯ ಬಿರಡೆ, ಹೆಬ್ಬೆರಳಿನಷ್ಟು ದಪ್ಪದ್ದು. ಅದು ಇರಬೇಕಾದ ಜಾಗ ಬ್ಯಾಗಂತೂ ಅಲ್ಲ, ದೋಣಿಯ ತಳದಲ್ಲಿ, ಇಂಜಿನ್ನಿನ ಅಡಿಗಿರುವ ತೂತು.

ದೋಣಿ ನೆಲದ ಮೇಲಿರುವಷ್ಟು ಕಾಲ ಆ ತೂತು ತೆರೆದಿರಬೇಕು, ಒಳಗೆ ಬಿದ್ದ ಮಳೆನೀರು ಹರಿದುಹೋಗಲಿ ಎಂದು. ನೀರಿಗಿಳಿಸುವಾಗ ಮಾತ್ರ ಮರೆಯದೆ ಮುಚ್ಚಬೇಕು. ಅಪ್ಪ ಬದುಕಿದ್ದಾಗಲೇ ಕೆಲಸ ಹಂಚಿಬಿಟ್ಟಿದ್ದ: ಬಿರಡೆ ಮಗಳದು, ಇಂಜಿನ್ ಮಗನದು. ಅಪ್ಪ ಹೋದ ಮೇಲೆ ದೋಣಿ ಇಬ್ಬರಿಗೂ ಸೇರಿತು, ಹಂಚಿಕೆ ಹಾಗೇ ಉಳಿಯಿತು. ಬಿರಡೆಯನ್ನು ಇಡುವುದಕ್ಕೆಂದೇ ದೋಣಿಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಹೋದ ವಾರ ಅವಳು ಬಂದು ಅದರಿಂದ ಬಿರಡೆಯನ್ನು ಎತ್ತಿ ಮನೆಗೆ ಒಯ್ದಿದ್ದಳು. ಕದ್ದಳು ಎನ್ನಲು ಅವಳಿಗೆ ಮನಸ್ಸು ಬಾರದು, ತನ್ನದೇ ದೋಣಿಯಲ್ಲವೇ.

ಇದಕ್ಕೆಲ್ಲ ಕಾರಣ ಟೋಪಿಯವನು. ತಳಕ್ಕೆ ಅಂಟಿದ ಪಾಚಿ ಕೆರೆದು ಬಣ್ಣ ಬಳಿಯುವವನು ಮಾತಿನ ಮಧ್ಯೆ, ನಿಮ್ಮ ತಮ್ಮ ಯಾರೋ ಟೋಪಿಯವರನ್ನು ಕರೆದುಕೊಂಡು ಬಂದು ಉದ್ದಗಲ ಅಳೆಸಿದರು ಎಂದುಬಿಟ್ಟ. ಅವತ್ತಿನಿಂದ ಅಕ್ಕನ ತಲೆಯೊಳಗೆ ಹುಳ ಹೊಕ್ಕಿತು. ಏನಾದರೂ ವಿಶೇಷ ಇದೆಯೇ ಎಂದು ತಮ್ಮನಿಗೆ ಫೋನು ಮಾಡಿ ಕೇಳಿದರೆ ಏನಿಲ್ಲ ಎಂದ. ಏನಿಲ್ಲ ಎನ್ನುವುದನ್ನೂ ಅವನು ಸ್ವಲ್ಪ ಬೇಗ ಹೇಳಿದ ಹಾಗಿತ್ತು. ತನಗೆ ತಿಳಿಸದೆ ಅಪ್ಪನ ದೋಣಿಯನ್ನು ಮಾರುತ್ತಾನೆ ಎಂದೇ ಅವಳಿಗೆ ಅನಿಸಿತು. ಬಿರಡೆ ಇಲ್ಲದೆ ದೋಣಿ ಎಲ್ಲಿಗೂ ಹೋಗದು. ಬೇಕಾದಾಗ ಅವನೇ ಫೋನು ಮಾಡಿ ಕೇಳಲಿ, ಆಗ ಬಾಯಿ ಬಿಡಿಸೋಣ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಫೋನು ಬರಲಿಲ್ಲ. ಇವತ್ತು ದೋಣಿ ಇಳಿಸುತ್ತಾರೆಂದು ತಿಳಿದದ್ದೂ ಬಣ್ಣದವನಿಂದಲೇ. ಈಗ ನೋಡಿದರೆ ತಮ್ಮನ ಪಕ್ಕದಲ್ಲಿ ಟೋಪಿಯವನು ಸೊಂಟಕ್ಕೆ ಕೈ ಕೊಟ್ಟು, ಸ್ವಂತದ್ದೆಂಬಂತೆ ದೋಣಿಯನ್ನು ನೋಡುತ್ತಾ ನಿಂತಿದ್ದಾನೆ.

ಎತ್ತುವ ಮುಂಚೆ ಕ್ರೇನಿನವನು ಕೇಳಿದ. "ಬಿರಡೆ ಹಾಕಿದೀರಾ?"

"ಅದು ನಮ್ಮಕ್ಕನ ಕೆಲಸ," ಎಂದ ತಮ್ಮ. "ಹೋದ ವಾರ ಬಂದು ಹೋಗಿದಾಳೆ. ಡಬ್ಬಿ ಖಾಲಿ ಇದೆ, ಹಾಕೇ ಇರ್ತಾಳೆ."

"ಒಂದ್ಸಲ ಕೈಯಾಡಿಸಿ ನೋಡಿ."

"ಅವಳು ಮಾಡಿದ್ಮೇಲೆ ನೋಡೋದೇನಿದೆ?"

ಬ್ಯಾಗಿನೊಳಗೆ ಅಕ್ಕನ ಕೈ ಬಿರಡೆಯನ್ನು ಅಮುಕಿ ಹಿಡಿಯಿತು. ಹಾಗೆಂದು ಕೂಡಲೇ ಓಡಿ ಬಂದಳೆಂದು ತಿಳಿಯಬೇಡಿ. ದೋಣಿ ನೆಲ ಬಿಟ್ಟಿತು, ತೂಗಾಡುತ್ತಾ ಕಟ್ಟೆಯ ಅಂಚು ದಾಟಿತು. ನೀರು ತುಂಬಿದರೆ ಟೋಪಿಯವನು ಅಲ್ಲಿಂದಲೇ ಕಾಲು ಕೀಳುತ್ತಾನೆ, ನೋಡದೆ ಇಳಿಸಿದ್ದು ತಮ್ಮನದೇ ತಪ್ಪಾಗುತ್ತದೆ, ತನ್ನ ಹೆಸರು ಎಲ್ಲೂ ಬರುವುದಿಲ್ಲ. ಅಷ್ಟನ್ನೂ ಅವಳು ಯೋಚಿಸಿದಳು, ಯೋಚಿಸಿ ಒಂದು ಗಳಿಗೆ ಸಮಾಧಾನವನ್ನೂ ಪಟ್ಟಳು. ಆಮೇಲೆ ದೋಣಿಯ ತಳ ನೀರಿಗೆ ತಾಗಿತು. ತಮ್ಮ ಹಗ್ಗ ಹಿಡಿದು ದೋಣಿಗೆ ಕಾಲಿಡಲು ಸಿದ್ಧನಾದ.

"ನಿಲ್ಸಿ," ಎಂದು ಅವಳು ಮರೆಯಿಂದ ಈಚೆಗೆ ಬಂದಳು. "ಮೇಲೆತ್ತಿ. ಬಿರಡೆ ಇಲ್ಲ ಅದರಲ್ಲಿ."

ದೋಣಿ ಮತ್ತೆ ಮೇಲೆದ್ದಿತು. ತೂತಿನಿಂದ ನೀರು ಸಣ್ಣಗೆ ಸುರಿಯತೊಡಗಿತು. ಅವಳು ಕರವಸ್ತ್ರ ಬಿಚ್ಚಿದಳು. ತಮ್ಮ ಬಿರಡೆಯನ್ನು ನೋಡಿದ, ಅವಳ ಮುಖ ನೋಡಿದ.

"ನಿನ್ ಹತ್ರ ಯಾಕಿತ್ತು?"

ತೊಳೆಯಲು ಒಯ್ದಿದ್ದೆ ಎಂಬ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. "ನೀನು ಇವರಿಗೆ ದೋಣಿ ಮಾರ್ತಿದೀಯ ಅಂತ," ಎಂದಳು.

ಟೋಪಿಯವನಿಗೆ ನಗು ಬಂತು. "ನಾನು ಹೊದಿಕೆ ಹೊಲಿಯೋನು, ಅಮ್ಮ. ಹಳೇ ಟಾರ್ಪಾಲು ಹರಿದಿದೆ ಅಂತ ಕರೆಸಿದ್ರು." ಅವನ ಅಂಗಿಯ ತೋಳಿಗೆ ದಪ್ಪನೆಯ ನೀಲಿ ದಾರದ ತುಣುಕುಗಳು ಅಂಟಿದ್ದವು. ಅಕ್ಕನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮಾರುವ ದೋಣಿಗೂ ಹೊಸ ಹೊದಿಕೆ ಹೊಲಿಸುವುದುಂಟಲ್ಲ ಎಂದು ಅವಳ ಮನಸ್ಸು ಆ ನಾಚಿಕೆಯ ನಡುವೆಯೂ ಕೇಳಿತು.

ದೋಣಿಯನ್ನು ಕಟ್ಟೆಗೆ ತಂದು ಏಣಿ ಹಾಕಿದರು. ಅವಳೇ ಹತ್ತಿ, ಬೋರಲಾಗಿ ಮಲಗಿ, ಇಂಜಿನ್ನಿನ ಅಡಿಗೆ ಕೈ ತೂರಿಸಿ ಬಿರಡೆಯನ್ನು ತಿರುಗಿಸಿ ಬಿಗಿ ಮಾಡಿದಳು. ಈ ಸಲ ದೋಣಿ ನೀರಿನ ಮೇಲೆ ಸರಿಯಾಗಿ ಕೂತಿತು. ಕ್ರೇನಿನವನೂ ಟೋಪಿಯವನೂ ಹೊರಟುಹೋದರು. ಇಬ್ಬರೂ ದೋಣಿಗಿಳಿದರು. ಅಕ್ಕ ಚುಕ್ಕಾಣಿ ಚಕ್ರದ ಮುಂದೆ ಕೂತು, ಅಪ್ಪ ಕೊಟ್ಟಿದ್ದ ಕೀಲಿಕೈಯನ್ನು ಗೊಂಚಲಿನಲ್ಲಿ ಹುಡುಕಿ ಇಂಜಿನ್ನಿಗೆ ಹಾಕಿದಳು. ಅದು ತಿರುಗಲಿಲ್ಲ. ಮತ್ತೆ ಹಾಕಿದಳು. ತಮ್ಮ ಬೇಕಿಲ್ಲದಿದ್ದರೂ ಹಗ್ಗವನ್ನು ಸುತ್ತುತ್ತಾ ನಿಂತ.

"ಬೀಗ ಬದಲಾಯಿಸಿದೀನಿ," ಎಂದ ಕೊನೆಗೆ.

"ಯಾವಾಗ?"

"ಹೋದ ತಿಂಗಳು. ಭಾವ ಗೆಳೆಯರನ್ನ ಕಟ್ಕೊಂಡು ಹೋಗಿ ತಳ ಕಲ್ಲಿಗೆ ಉಜ್ಜಿಸಿಕೊಂಡು ಬಂದ್ರಲ್ಲ. ಅವರು ಕೇಳಿದ್ರೆ ನೀನು ಕೀ ಕೊಡಲ್ಲ ಅನ್ನೋಳಲ್ಲ."

"ನನಗೊಂದು ಮಾತು ಹೇಳ್ಬೇಕಿತ್ತು."

"ನೀನು ಹೇಳಿದ್ಯಾ?"

ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಎದೆ ಹಗುರವೂ ಆಯಿತು. ಹೋದ ತಿಂಗಳು ಎಂದರೆ ತಾನು ಬಿರಡೆ ಎತ್ತುವುದಕ್ಕೆ ಮೊದಲೇ, ಮುಚ್ಚಿಡುವುದನ್ನು ಶುರು ಮಾಡಿದ್ದು ಅವನೇ. ತಮ್ಮ ಜೇಬಿನಿಂದ ಎರಡು ಹೊಸ ಕೀಲಿಕೈಗಳಿದ್ದ ರಿಂಗನ್ನು ತೆಗೆದು, ಉಗುರು ತೂರಿಸಿ ಒಂದನ್ನು ಬಿಡಿಸಲು ಒದ್ದಾಡಿದ. ಅವಳು ಕೈ ಚಾಚಿಕೊಂಡು ಕಾದಳು. ಕೊಟ್ಟ ಮೇಲೆ, ಇದಾದರೂ ತಿರುಗುತ್ತದೋ ನೋಡಬೇಕು ಎನಿಸಿತು. ನೋಡದೆ ಬ್ಯಾಗಿಗೆ ಹಾಕಿಕೊಂಡಳು.

ಮನೆಯಲ್ಲಿ ಕೆಲಸವಿದೆ ಎಂದು ಅವಳು ಕಟ್ಟೆಯ ಮೇಲೆ ಹತ್ತಿದಳು. ಭಾನುವಾರ ಇಬ್ಬರೂ ಸೇರಿ ಒಂದು ಸುತ್ತು ಹೋಗೋಣ ಎಂದು ತಮ್ಮ ಹೇಳಿದ, ಅವಳು ಹೂಂ ಎಂದಳು. ಗೇಟಿನ ಬಳಿ ಬಂದಾಗ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಿರುಗಿ ನೋಡಿದಳು.

ತಮ್ಮ ದೋಣಿಯಲ್ಲಿ ಬೋರಲಾಗಿ ಮಲಗಿದ್ದ. ಭುಜದವರೆಗೂ ಕೈಯನ್ನು ಇಂಜಿನ್ನಿನ ಅಡಿಗೆ ತೂರಿಸಿ ಬಿರಡೆಗಾಗಿ ತಡಕಾಡುತ್ತಿದ್ದ.