ಗುಂಗುರು ಕಚ್ಚಿದ್ದೇಕೆ?

ಊರವರ ತಲೆಗಳನ್ನೆಲ್ಲ ಒಪ್ಪ ಮಾಡಿ ಕಳಿಸುವ ಕ್ಷೌರಿಕನಿಗೆ ತನ್ನ ತಲೆಯೇ ಕೆಟ್ಟು ಮೊಸರುಗಡಿಗೆಯಾಗಿತ್ತು. ಕಾರಣ, ಮನೆಗೆ ಬಂದ ಒಂದು ನಾಯಿಮರಿ.

ನಾಯಿ ಬೇಕೆಂದು ಮಗಳು ಬಹಳ ಕಾಲದಿಂದ ಹಟ ಹಿಡಿದಿದ್ದಳು. ಕೊನೆಗೆ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವನ ಹೆಂಡತಿ, ಪರಿಚಯದವರ ಮನೆಯಿಂದ ಕಾಕಪೂ ಮರಿಯೊಂದನ್ನು ತಂದಳು. ಕಾಕರ್ ಸ್ಪಾನಿಯಲ್, ಪೂಡಲ್ ಎಂಬ ಎರಡು ತಳಿ ಕೂಡಿ ಹುಟ್ಟುವ ನಾಯಿ ಇದು. ಜೇನಿನ ಬಣ್ಣದ ಗುಂಗುರು ಕೂದಲು, ಜೋಲುಕಿವಿ. ಮಗಳು ಅದನ್ನು ಗುಂಗುರು ಎಂದೇ ಕರೆದಳು.

ಮರಿ ಕೊಟ್ಟವರು, “ಎಲ್ಲಾ ಆಗಿದೆ, ಚಿಂತೆ ಮಾಡಬೇಡಿ” ಅಂದಿದ್ದರಂತೆ. ಏನು ಆಗಿದೆ ಎಂದು ಯಾರೂ ಕೇಳಲಿಲ್ಲ.

ಮರುದಿನ ಅಂಗಡಿಯಲ್ಲಿ ಅದೇ ಸುದ್ದಿ.

“ಕಾಕಪೂ?” ಕುರ್ಚಿಯಲ್ಲಿದ್ದ ನಿವೃತ್ತ ಕಂಡಕ್ಟರ್ ಕನ್ನಡಿಯಲ್ಲೇ ಹುಬ್ಬೇರಿಸಿದರು. “ಅದು ನಾಯಿನೋ ಕಾಗೇನೋ?”

“ನಾಯೀನೇ ಸ್ವಾಮಿ. ಕೂತಲ್ಲಿ ನಿಂತಲ್ಲಿ ಉಚ್ಚೆ ಹೊಯ್ಯುತ್ತೆ.”

“ಹೊಯ್ದ ಜಾಗಕ್ಕೇ ಮೂತಿ ತಿಕ್ಕು. ಬುದ್ಧಿ ಬರುತ್ತೆ.”

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಬಣ್ಣದಂಗಡಿಯವನು ಪತ್ರಿಕೆ ಕೆಳಗಿಟ್ಟ. “ಛೆ, ಛೆ! ಹಾಗೆಲ್ಲ ಮಾಡಬೇಡಿ. ಚೆನ್ನಾಗಿ ಹಾಲು ಹಾಕಿ, ತಾನೇ ಹೊಂದ್ಕೊಳ್ಳುತ್ತೆ.”

“ಹಾಲು ಕುಡಿಸಿದ್ರೆ ಹೊಟ್ಟೆ ಕೆಡುತ್ತೆ ಕಣಯ್ಯಾ!”

“ನಿಮ್ಮ ಹೊಟ್ಟೆ ಕೆಡಬಹುದು.”

ಕ್ಷೌರಿಕ ಕತ್ತರಿ ಹಿಡಿದು ಇಬ್ಬರ ಮುಖವನ್ನೂ ನೋಡಿದ. ಇಬ್ಬರೂ ಅನುಭವಸ್ಥರಂತೆಯೇ ಮಾತಾಡುತ್ತಿದ್ದರು. ಸಂಜೆ ಮನೆಗೆ ಹೋಗಿ ಮರಿಯ ಮೂತಿ ತಿಕ್ಕಿದ. ಆಮೇಲೆ ಅಯ್ಯೋ ಪಾಪ ಅನ್ನಿಸಿ ಬಟ್ಟಲು ತುಂಬ ಹಾಲು ಹಾಕಿದ. ಬೆಳಗಾಗುವಷ್ಟರಲ್ಲಿ ಮರಿಗೆ ಭೇದಿ.

ಹೀಗೇ ದಿನ ಕಳೆಯಿತು. ಮರಿ ಸೋಫಾ ಹತ್ತಿದರೆ ಹೆಂಡತಿ ಇಳಿಸುವಳು, ಮಗಳು ಎತ್ತಿ ಕೂರಿಸುವಳು. ಒಬ್ಬರು ಗದರಿದ್ದಕ್ಕೆ ಇನ್ನೊಬ್ಬರು ಮುದ್ದಿಸುವರು. ಯಾರ ಮಾತು ಕೇಳಬೇಕೋ ತಿಳಿಯದೆ ಅದು ಮೇಜಿನಡಿ ಸೇರಿಕೊಂಡು ಕಣ್ಣು ಕಣ್ಣು ಬಿಡುತ್ತಿತ್ತು. ಯಜಮಾನನ ಪಾಡೂ ಹೆಚ್ಚುಕಡಿಮೆ ಅದೇ.

ಪಶು ಆಸ್ಪತ್ರೆಯಲ್ಲಿ ದಾದಿಯಾಗಿದ್ದ ನಾದಿನಿ ಒಮ್ಮೆ ಫೋನ್ ಮಾಡಿದಳು. “ಭಾವ, ಮರಿಗೆ ಲಸಿಕೆ ಹಾಕ್ಸಿದ್ರಾ?”

“ಮನೆಯೊಳಗೇ ಇರೋ ಮರಿಗೆ ಲಸಿಕೆ ಯಾಕಮ್ಮ? ಅಲ್ದೆ, ಎಲ್ಲಾ ಆಗಿದೆ ಅಂದಿದಾರೆ.”

“ಎಲ್ಲಾ ಅಂದ್ರೆ ಏನೇನು ಭಾವ?”

ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದರು. ಅವನು ಫೋನ್ ಇಟ್ಟುಬಿಟ್ಟ.

ಕೂದಲಿನ ವಿಷಯಕ್ಕೆ ಮಾತ್ರ ಅವನು ಯಾರನ್ನೂ ಕೇಳಲಿಲ್ಲ. ಅದು ಅವನ ಕಸುಬು. ಮರಿಯ ಕಿವಿಯ ಹಿಂದೆ ಕೂದಲು ಗಂಟುಗಟ್ಟಿದ್ದು ಕಂಡು, ಗಿರಾಕಿಗಳಿಗೆ ಮಾಡುವಂತೆ ಮೊದಲು ಶಾಂಪೂ ಹಾಕಿ ತೊಳೆದ, ಆಮೇಲೆ ಬಾಚಣಿಗೆ ಎತ್ತಿಕೊಂಡ. ಗಂಟು ಬಿಡಲಿಲ್ಲ. ಒಣಗುತ್ತ ಹೋದಂತೆ ಕಂಬಳಿಯ ಚೂರಿನಂತೆ ಇನ್ನಷ್ಟು ಬಿಗಿಯಿತು. “ಇದ್ಯಾವ ಸೀಮೆ ಕೂದಲಪ್ಪಾ!” ಎಂದು ಕೈಬಿಟ್ಟ.

ರಜೆಯ ದಿನ ಮಧ್ಯಾಹ್ನ ಮಗಳು ತಾನೇ ಬಾಚುತ್ತೇನೆಂದು ಕೂತಳು. ಕಿವಿಯ ಹಿಂದೆ ಬಾಚಣಿಗೆ ಸಿಕ್ಕಿಕೊಂಡಿತು. ಅವಳು ಜಗ್ಗಿದಳು. ಮರಿ ಕುಂಯ್ ಎಂದು ತಿರುಗಿ ಅವಳ ಕೈಗೆ ಬಾಯಿ ಹಾಕಿತು. ಹೆಬ್ಬೆರಳ ಬುಡದಲ್ಲಿ ರಕ್ತ ಜಿನುಗಿತು.

ಮಗಳ ಕೂಗು ಕೇಳಿ ಬಂದ ಪಕ್ಕದ ಮನೆಯಾಕೆ, “ಕಾಫಿ ಪುಡಿ ಮೆತ್ತಿ, ರಕ್ತ ನಿಲ್ಲುತ್ತೆ” ಎಂದಳು. ಅವಳ ಗಂಡ, “ಮರಿ ಹಲ್ಲು ತಾನೇ? ಏನೂ ಆಗಲ್ಲ ಬಿಡಿ” ಎಂದ. ಕ್ಷೌರಿಕ ಡಬ್ಬಿಯ ಮುಚ್ಚಳ ತೆಗೆದ, ಮುಚ್ಚಿದ, ಮತ್ತೆ ತೆಗೆದ. ಹೆಂಡತಿ ತಂಗಿಗೆ ಫೋನ್ ಹಚ್ಚಿದಳು.

“ಏನೂ ಮೆತ್ತಬೇಡಿ!” ನಾದಿನಿಯ ದನಿ ಖಡಕ್ಕಾಗಿತ್ತು. “ನಲ್ಲಿ ಕೆಳಗೆ ಕೈ ಹಿಡಿದು, ಸೋಪು ಹಾಕಿ ಕಾಲು ಗಂಟೆ ತೊಳೀರಿ. ಆಮೇಲೆ ಸೀದಾ ಆಸ್ಪತ್ರೆಗೆ ಹೋಗಿ. ನಾಳೆ ಅಂತ ಕೂರಬೇಡಿ.”

ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ್ದು ಒಂದೇ ಮಾತು. “ನಾಯಿಗೆ ಲಸಿಕೆ ಆಗಿದೆಯಾ?”

“ಆಗಿದೆ” ಎಂದ ಕ್ಷೌರಿಕ.

“ಆಗಿಲ್ಲ ಅನ್ಸುತ್ತೆ” ಎಂದಳು ಹೆಂಡತಿ, ಅದೇ ಉಸಿರಿನಲ್ಲಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

“ಎಲ್ಲಾ ಆಗಿದೆ ಅಂತ ನೀನೇ ಅಲ್ವಾ ಹೇಳಿದ್ದು?”

“ಅವರು ಹೇಳಿದ್ದನ್ನ ಹೇಳಿದೆ. ಬೇಕಿದ್ರೆ ನೀವು ಹಾಕಿಸ್ತೀರಿ ಅಂದ್ಕೊಂಡಿದ್ದೆ!”

ಮರಿ ಕೊಟ್ಟವರಿಗೆ ಅಲ್ಲಿಂದಲೇ ಫೋನ್ ಮಾಡಿದರು. “ಲಸಿಕೆನಾ? ಇಲ್ವಲ್ಲ. ತಾಯಿ ಹಾಲು ಬಿಡಿಸಿದ್ದು ಆಗಿದೆ, ಗಟ್ಟಿ ಆಹಾರ ರೂಢಿ ಆಗಿದೆ ಅಂದಿದ್ದೆ” ಎಂಬ ಉತ್ತರ ಬಂತು.

“ನಾಯಿ ಕಚ್ಚಿದ್ರಿಂದ ಬರೋ ರೇಬೀಸ್ ರೋಗ ಒಮ್ಮೆ ಕಾಣಿಸ್ಕೊಂಡ್ರೆ ಉಳಿಸೋಕೆ ಆಗಲ್ಲ ಅಂತಲೇ ಹೇಳಬಹುದು” ಎಂದರು ವೈದ್ಯೆ. “ಆದ್ರೆ ಸಕಾಲಕ್ಕೆ ಲಸಿಕೆ ಹಾಕಿಸಿದ್ರೆ ತಡೀಬಹುದು. ನೀವು ತೊಳೆದು ಬೇಗ ಬಂದಿದ್ದು ಒಳ್ಳೇದಾಯ್ತು.” ಮಗುವಿಗೆ ಅಂದೇ ಲಸಿಕೆ ಶುರುವಾಯಿತು.

ಹೊರಗೆ ಬೆಂಚಿನ ಮೇಲೆ ಮಗಳು ಅಪ್ಪನಿಗೆ ಆತುಕೊಂಡಳು. “ಅಪ್ಪಾ, ಗುಂಗುರುಗೆ ಹುಚ್ಚು ಹಿಡಿದಿದೆಯಾ? ನಾನು ಸತ್ತುಹೋಗ್ತೀನಾ?”

“ಇಲ್ಲ ಪುಟ್ಟಿ” ಎಂದ. ಊರವರ ಸಲಹೆಯನ್ನೆಲ್ಲ ಕಿವಿ ತುಂಬಿಕೊಂಡವನು ಈಗ ವೈದ್ಯೆ ಹೇಳಿದ್ದೊಂದನ್ನೇ ಮಗಳಿಗೆ ಮತ್ತೆ ಹೇಳಿದ.

ಮನೆಗೆ ಬಂದ ಮೇಲೆ ಹೆಂಡತಿ, “ಮರಿನ ವಾಪಸ್ ಕೊಟ್ಬಿಡೋಣ” ಎಂದಳು. ಅವನು ಬಗ್ಗಿ, ಮೇಜಿನಡಿ ಮುದುಡಿದ್ದ ಮರಿಯನ್ನು ನೋಡಿದ.

ಸಂಜೆ ನಾದಿನಿ ಬಂದಳು. ಮೇಜಿನಡಿಯಿಂದ ಮರಿಯನ್ನು ಮೆಲ್ಲಗೆ ಕರೆದು, ಕಿವಿಯ ಹಿಂದಿನ ಕೂದಲನ್ನು ಬೆರಳಿಂದ ಸರಿಸಿದಳು. ಗಂಟಿನ ಅಂಚಿನಲ್ಲಿ ಚರ್ಮ ಕೆಂಪೇರಿ ಹುಣ್ಣಾಗಿತ್ತು.

“ನೋಡಿ ಭಾವ. ಇದು ಕಚ್ಚಿದ್ದು ಕೋಪಕ್ಕಲ್ಲ, ನೋವಿಗೆ.”

ಕ್ಷೌರಿಕ ಕತ್ತರಿಗೆ ಕೈ ಹಾಕಿದ. ಅವಳು ತಡೆದಳು. “ಬೇಡ! ಗಂಟಿನ ಜೊತೆ ಚರ್ಮಾನೂ ಮೇಲೆದ್ದಿರುತ್ತೆ, ಕತ್ತರಿಸಿಬಿಡ್ತೀರಿ. ನಾಳೆ ನಮ್ಮ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಕೂದಲು ಬೋಳಿಸೋ ಯಂತ್ರದಲ್ಲಿ ತೆಗೀತಾರೆ. ಈ ಜಾತಿ ನಾಯಿ ಕೂದಲು ಉದುರೋದು ಕಡಿಮೆ, ಒಳಗೇ ಹೆಣೆದುಕೊಳ್ಳುತ್ತೆ. ದಿನಾ ಬುಡದವರೆಗೂ ಬಾಚಬೇಕು. ಸ್ನಾನ ಬಾಚಿದ ಮೇಲೆ, ಮೊದಲಲ್ಲ.”

“ನಾನು ಉಲ್ಟಾ ಮಾಡಿದೆ” ಎಂದ ಕ್ಷೌರಿಕ ಮೆಲ್ಲಗೆ. “ಉಚ್ಚೆಗೆ ಏನ್ಮಾಡೋದು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಕಣಮ್ಮ.”

“ನಿದ್ದೆಯಿಂದ ಎದ್ದ ಕೂಡ್ಲೇ, ಉಂಡ ಕೂಡ್ಲೇ, ಆಡಿದ ಮೇಲೆ ಅಂಗಳಕ್ಕೆ ಎತ್ಕೊಂಡು ಹೋಗಿ. ಅಲ್ಲಿ ಹೊಯ್ದರೆ ಶಭಾಷ್ ಅನ್ನಿ. ಒಳಗೆ ಹೊಯ್ದರೆ ಸುಮ್ನೆ ಒರೆಸಿ. ಹೊಡೆದ್ರೆ, ಮೂತಿ ತಿಕ್ಕಿದ್ರೆ ನಿಮ್ಮನ್ನ ಕಂಡು ಹೆದರೋದು ಕಲಿಯುತ್ತೆ, ಅಷ್ಟೇ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಅದರ ಬಾಯಿಗೆ ಹೋಗಲೇಬಾರದು. ಮತ್ತೆ, ಮೂರೂ ಜನ ಒಂದೇ ಮಾತು ಹೇಳಿ. ಅದಕ್ಕೆ ತಲೆ ಇರೋದು ಒಂದೇ!”

“ಆದರೂ ಲಸಿಕೆ… ಹೊರಗೇ ಹೋಗದ ಮರಿಗೆ?”

“ನಿಮ್ಮ ಚಪ್ಪಲಿ ಹೊರಗೆ ಹೋಗಲ್ವಾ ಭಾವ? ಎಷ್ಟೋ ರೋಗ ಅದರ ಜೊತೆಗೇ ಒಳಗೆ ಬರುತ್ತೆ.”

“ಹಾಗಾದ್ರೆ ವಾಪಸ್ ಕೊಡೋದು ಬೇಡ, ನಾಳೆ ಕರ್ಕೊಂಡು ಹೋಗೋಣ” ಎಂದಳು ಹೆಂಡತಿ.

ಮರುದಿನ ಗುಂಗುರುವಿನ ಗಂಟು ತೆಗೆದರು. ಹುಣ್ಣಿಗೆ ಔಷಧಿ, ಹೊಟ್ಟೆಯ ಹುಳುವಿಗೆ ಔಷಧಿ, ಮೊದಲ ಲಸಿಕೆ ಆಯಿತು. ರೇಬೀಸ್ ಲಸಿಕೆ ಯಾವಾಗ, ಉಳಿದವು ಯಾವಾಗ ಎಂದು ಪಶುವೈದ್ಯರು ದಿನ ಗೊತ್ತುಮಾಡಿದರು. ಹುಚ್ಚಿನ ಲಕ್ಷಣ ಕಂಡೀತೇ ಎಂದು ಅವರು ಹೇಳಿದಷ್ಟು ದಿನ ಮರಿಯ ಮೇಲೆ ಕಣ್ಣಿಟ್ಟರು. ಅದು ಚೆನ್ನಾಗಿಯೇ ಇತ್ತು. ಮಗಳೂ ತನ್ನ ಸೂಜಿಗಳನ್ನು ಒಂದೂ ತಪ್ಪಿಸದೆ ಹಾಕಿಸಿಕೊಂಡಳು.

ಆದರೆ ಅವಳು ಮರಿಯನ್ನು ಮುಟ್ಟುತ್ತಿರಲಿಲ್ಲ. ಮರಿಯೂ ಬಾಚಣಿಗೆ ಕಂಡರೆ ಓಡುತ್ತಿತ್ತು. ಕ್ಷೌರಿಕ ಅವಸರ ಮಾಡಲಿಲ್ಲ. ದಿನಾ ಸಂಜೆ ನೆಲದ ಮೇಲೆ ಕೂತು, ಒಂದು ತುಣುಕು ತಿಂಡಿ ಕೊಟ್ಟು, ಎರಡೇ ಎರಡು ಎಳೆತ ಬಾಚಿ ಬಿಟ್ಟುಬಿಡುತ್ತಿದ್ದ. ಒಂದು ಸಂಜೆ ಗುಂಗುರು ತಾನಾಗಿ ಬಂದು ಮಗಳ ಮಗ್ಗುಲಲ್ಲಿ ಮಲಗಿ, ವಾಸಿಯಾದ ಕಿವಿಯನ್ನು ಅವಳ ಮೊಣಕಾಲಿಗೆ ಒತ್ತಿತು. ಅವಳು ಅಪ್ಪನ ಮುಖ ನೋಡಿದಳು.

“ಮೆತ್ತಗೆ” ಎಂದ ಅವನು.

ಅವಳು ಮೆತ್ತಗೇ ಸವರಿದಳು. ಮರಿ ಕಣ್ಣು ಮುಚ್ಚಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಮರಿ ಇದೆಯೇ? ಗೊಂದಲ ಯಾರಿಗೂ ಆಗುತ್ತದೆ, ಅದರಲ್ಲಿ ನಾಚಿಕೆಯಿಲ್ಲ. ಹತ್ತು ಬಾಯಿಯ ಮಾತು ಕೇಳುವ ಬದಲು ಒಮ್ಮೆ ಪಶುವೈದ್ಯರನ್ನು ಕೇಳಿ. ಇವತ್ತೇ ಮನೆಯವರನ್ನೆಲ್ಲ ಕೂರಿಸಿಕೊಂಡು, “ಮರಿಗೆ ಲಸಿಕೆ ಹಾಕಿಸಿದ್ದು ಯಾರು?” ಎಂದು ಕೇಳಿ ನೋಡಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಈ ಕಾಗದ ಮಡಿಚಿಟ್ಟು ಮರಿಯನ್ನೆತ್ತಿಕೊಂಡು ಹೊರಡಿ.